ಫ್ಯಾಂಟಸಿ ಫುಟ್‌ಬಾಲ್: ಎದುರಾಳಿ ನೋಡಿ ಆಡಿಸಬೇಕಾ, ಆಟಗಾರನ ಕೆಲಸ ನೋಡಿಯಾ?

ಈ ಸಲ ನಮ್ಮ ಆಫೀಸಿನ ಎನ್‌ಎಫ್‌ಎಲ್ (ಅಮೆರಿಕನ್ ಫುಟ್‌ಬಾಲ್) ಫ್ಯಾಂಟಸಿ ಲೀಗ್ ಗೆದ್ದಿದ್ದೇನೆ. ನಿಜವಾದ ಆಟಗಾರರನ್ನು ಆರಿಸಿ ನಮ್ಮದೇ ತಂಡ ಕಟ್ಟುತ್ತೇವೆ, ಅವರು ಪಂದ್ಯದಲ್ಲಿ ಮಾಡಿದ್ದಕ್ಕೆ ನಮಗೆ ಪಾಯಿಂಟ್. ಹಾಗಾಗಿ ಧೈರ್ಯವಾಗಿ ಹೇಳುತ್ತೇನೆ. ವಾರವಾರ ಯಾರನ್ನು ಆಡಿಸಬೇಕು ಅಂತ ಯೋಚಿಸುವಾಗ ಆಟಗಾರನಿಗೆ ಎಷ್ಟು ಕೆಲಸ, ಅಂದರೆ ಎಷ್ಟು ಸಲ ಬಾಲ್, ಸಿಗುತ್ತಿದೆ ಅನ್ನುವುದನ್ನು ಮೊದಲು ನೋಡಿ. ಎದುರಾಳಿ ತಂಡ ಆಮೇಲೆ.

ಆ್ಯಪ್ ಕೊಡುವ ಅಂದಾಜು ಪಾಯಿಂಟ್ ನೋಡಿಯೂ ಆಡಿಸಿದ್ದೇನೆ. ಒಬ್ಬನಿಗೆ 11.8, ಇನ್ನೊಬ್ಬನಿಗೆ 11.2 ಅಂತ ತೋರಿಸಿದರೆ ಏನು ಮಾಡೋದು? ಅದನ್ನು ಅಲ್ಲಿಗೇ ಬಿಟ್ಟೆ.

ತುಂಬಾ ಜನ ನಂಬುವುದು ಡಿಫೆನ್ಸ್ ರ‍್ಯಾಂಕನ್ನು. ಎದುರಾಳಿ ಡಿಫೆನ್ಸ್ ದುರ್ಬಲ ಅಂತ ಆಟಗಾರನ ಹೆಸರಿನ ಪಕ್ಕದಲ್ಲಿ ಹಸಿರಿದ್ದರೆ ಆಡಿಸು, ಕೆಂಪಿದ್ದರೆ ಬೆಂಚ್‌ನಲ್ಲಿ ಕೂರಿಸು. ನನ್ನ ತಕರಾರು ಇರುವುದೇ ಇಲ್ಲಿ. ಆ ಎದುರಾಳಿ ತಂಡ ಇಲ್ಲಿಯವರೆಗೆ ಆ ಜಾಗದ ಆಟಗಾರರಿಗೆ ಎಷ್ಟು ಪಾಯಿಂಟ್ ಬಿಟ್ಟುಕೊಟ್ಟಿದೆ ಅನ್ನುವುದಷ್ಟೇ ಆ ಬಣ್ಣ. ಮೂರನೇ ವಾರದಲ್ಲಿ ಅದರ ಹಿಂದೆ ಇರುವುದು ಎರಡೇ ಪಂದ್ಯ. ಅದರಲ್ಲೊಂದು ಜಮಾರ್ ಚೇಸ್ ಎಂಬ ರಿಸೀವರ್ (ಪಾಸ್ ಹಿಡಿಯುವವನು) ಎದುರು ಆಗಿದ್ದರೆ? 2024ರಲ್ಲಿ ಅವನು 127 ಕ್ಯಾಚ್, 1,708 ಯಾರ್ಡ್, 17 ಟಚ್‌ಡೌನ್ ಮಾಡಿ ಮೂರರಲ್ಲೂ ಲೀಗಿಗೇ ಮೊದಲು ಬಂದ. ಅಂಥವನು ಒಂದು ದಿನ ಚಚ್ಚಿ ಹೋದರೆ ಒಳ್ಳೆಯ ಡಿಫೆನ್ಸ್ ಕೂಡ ಹಸಿರಾಗಿಬಿಡುತ್ತದೆ.

ಇನ್ನೂ ಒಂದಿದೆ. ಬಲವಾದ ಆಫೆನ್ಸ್ ಇರುವ ತಂಡ ಬೇಗ ಮುಂದೆ ಹೋಗುತ್ತದೆ. ಹಿಂದೆ ಬಿದ್ದವರು ಓಡುವುದನ್ನು ಬಿಟ್ಟು ಬರೀ ಪಾಸ್ ಎಸೆಯುತ್ತಾರೆ. ಕೊನೆಗೆ ಮುಂದಿದ್ದ ತಂಡ, ಬಾಲ್ ಹಿಡಿದು ಓಡುವ ರನ್ನಿಂಗ್ ಬ್ಯಾಕ್‌ಗಳಿಗೆ ಕೆಂಪು, ರಿಸೀವರ್‌ಗಳಿಗೆ ಹಸಿರು ಅಂತ ಕಾಣುತ್ತದೆ. ಡಿಫೆನ್ಸ್ ಹೇಗಿದೆ ಅಂತ ಅದರಿಂದ ತಿಳಿಯುವುದೇ ಇಲ್ಲ. ಗಾಯಗೊಂಡಿದ್ದ, ರಿಸೀವರನ್ನು ತಡೆಯುವ ಕಾರ್ನರ್‌ಬ್ಯಾಕ್ ಈ ವಾರ ವಾಪಸ್ ಬಂದರೂ ಬಣ್ಣ ಹಳೆಯದೇ ಇರುತ್ತದೆ. ಇದನ್ನು ನಂಬಿ ವಾರಕ್ಕೆ ಎಂಟೊಂಬತ್ತು ಟಾರ್ಗೆಟ್ (ಅವನತ್ತ ಎಸೆದ ಪಾಸ್) ಸಿಗುವ ರಿಸೀವರನ್ನು ಕೂರಿಸುವುದು ನನಗಂತೂ ಸರಿ ಕಾಣುವುದಿಲ್ಲ.

ನಾನು ನೋಡುವುದು ಟಾರ್ಗೆಟ್, ಕ್ಯಾರಿ (ಬಾಲ್ ಹಿಡಿದು ಓಡಿದ್ದು), ಎಷ್ಟು ಸ್ನ್ಯಾಪ್ (ಆಟದ ಒಂದೊಂದು ಸರದಿ) ಮೈದಾನದಲ್ಲಿದ್ದ, ಗೋಲ್ ಲೈನ್ ಹತ್ತಿರ ಬಾಲ್ ಯಾರಿಗೆ ಕೊಡುತ್ತಾರೆ, ಇಷ್ಟೇ. ನಮ್ಮ ಲೀಗಿನಲ್ಲಿ ಕ್ಯಾಚಿಗೊಂದು ಪಾಯಿಂಟ್. ಹಾಗಾಗಿ ಬಾಲ್ ಜಾಸ್ತಿ ಸಿಗುವವನು ಕೆಟ್ಟ ದಿನವೂ ಪೂರ್ತಿ ಕೈಕೊಡುವುದಿಲ್ಲ. ಇಬ್ಬರು ಸಮ ಅನ್ನಿಸಿದರೆ ಮಾತ್ರ ಬೆಟ್ಟಿಂಗ್ ಲೈನ್ (ಬೆಟ್ಟಿಂಗ್ ನಡೆಸುವವರ ಸ್ಕೋರ್ ಅಂದಾಜು) ನೋಡುತ್ತೇನೆ, ಬೆಟ್ ಕಟ್ಟುವುದಿಲ್ಲ. ಎರಡೂ ತಂಡ ಸೇರಿ ಒಟ್ಟು 50, ಒಂದು ತಂಡ 6 ಪಾಯಿಂಟ್ ಫೇವರಿಟ್ ಅಂದರೆ ಅಂದಾಜು 28-22. ಆ 28ರ ಕಡೆಯವನನ್ನು ಆಡಿಸುತ್ತೇನೆ.

ಡಿಫೆನ್ಸ್ (ಇಲ್ಲಿ ಒಂದು ತಂಡದ ಇಡೀ ಡಿಫೆನ್ಸನ್ನೇ ಆಡಿಸುತ್ತೇವೆ) ಮತ್ತು ಕಿಕ್ಕರ್ ಜಾಗಕ್ಕೆ ಮಾತ್ರ ಎದುರಾಳಿಯೇ ಮುಖ್ಯ. ಜಾಸ್ತಿ ಸ್ಯಾಕ್ ಆಗುವ (ಪಾಸ್ ಎಸೆಯುವ ಮೊದಲೇ ಕೆಳಗೆ ಬೀಳುವ) ಕ್ವಾರ್ಟರ್‌ಬ್ಯಾಕ್ ಯಾರಿಗೆ ಸಿಕ್ಕಿದ್ದಾನೆ ನೋಡಿ, ಆ ಡಿಫೆನ್ಸನ್ನು ವಾರವಾರ, ಯಾರ ತಂಡದಲ್ಲೂ ಇಲ್ಲದವರ ಪಟ್ಟಿಯಾದ ವೇವರ್‌ನಿಂದ ಎತ್ತಿಕೊಳ್ಳಿ.

ಗುರುವಾರ ಆಡುವವನನ್ನು ಫ್ಲೆಕ್ಸ್‌ನಲ್ಲಿ (ರನ್ನಿಂಗ್ ಬ್ಯಾಕ್, ರಿಸೀವರ್ ಯಾರನ್ನಾದರೂ ಹಾಕಬಹುದಾದ ಜಾಗ) ಹಾಕಬೇಡಿ. ಭಾನುವಾರ ಯಾರನ್ನಾದರೂ ಬದಲಾಯಿಸಬೇಕಾದರೆ ಆ ಜಾಗ ಬೇಕಾಗುತ್ತದೆ.

ದುಡ್ಡು ಕೊಟ್ಟು ಪರಿಣತರ ಪಟ್ಟಿ ತಗೊಳ್ಳುವವರೂ ಇದ್ದಾರೆ. ನನಗೆ ಮಂಗಳವಾರ ರಾತ್ರಿ ಅರ್ಧ ಗಂಟೆ ಸಾಕು, ಟಾರ್ಗೆಟ್ ಲೆಕ್ಕ ಸುಮ್ನೆ ಉಚಿತವಾಗಿ ಸಿಗುತ್ತದೆ. ಇನ್ನು ಭಾನುವಾರ. ಮಧ್ಯಾಹ್ನ ಒಂದು ಗಂಟೆಗೆ ಶುರುವಾಗುವ ಪಂದ್ಯಗಳಿಗೆ ಆಡದವರ ಪಟ್ಟಿ ನಮ್ಮ ನ್ಯೂಜೆರ್ಸಿಯಲ್ಲಿ ಹನ್ನೊಂದೂವರೆಗೆ ಬರುತ್ತದೆ. ಆಗ ಮಗಳು ಕನ್ನಡ ಕ್ಲಾಸಿನಲ್ಲಿರುತ್ತಾಳೆ, ನಾನು ಹೊರಗೆ ಕೂತು ಫೋನಿನಲ್ಲಿ ತಂಡ ಸರಿಮಾಡುತ್ತೇನೆ. ಸಂಜೆ ಪಂದ್ಯದವನಿಗೆ ಗಾಯದ ಅನುಮಾನ ಇದ್ದರೆ, ಅದೇ ಹೊತ್ತಿಗೆ ಆಡುವ ಇನ್ನೊಬ್ಬನನ್ನು ಬೆಂಚ್‌ನಲ್ಲಿ ಇಟ್ಟುಕೊಂಡಿರಿ.