ರೈಫಲ್‌ಗೆ ಸೈಲೆನ್ಸರ್ ಸಿಗಲ್ಲ, ಕಿವಿಗೆ ಮಫ್ ಸಿಗುತ್ತೆ: ಅಂತರಸನಹಳ್ಳಿಯ ಒಂದು ಸೇಫ್ಟಿ ಅಂಗಡಿ

ತುಮಕೂರಿನ ಅಂತರಸನಹಳ್ಳಿ ಇಂಡಸ್ಟ್ರಿಯಲ್ ಏರಿಯಾ ಹತ್ತಿರ ಸೇಫ್ಟಿ ಸಾಮಾನು ಮಾರುವ ಒಂದು ಸಣ್ಣ ಅಂಗಡಿ ಇದೆ. ಹೆಲ್ಮೆಟ್, ಗಮ್ ಬೂಟು, ವೆಲ್ಡಿಂಗ್ ಕನ್ನಡಕ, ಗ್ಲೌಸು, ಮಾಸ್ಕು, ಇಂಥವೇ. ಗಿರಾಕಿಗಳೆಲ್ಲ ಫ್ಯಾಕ್ಟರಿ ಕಡೆಯವರು. ನಾನು ಹೋಗಿದ್ದು ಇಯರ್ ಮಫ್, ಅಂದರೆ ಸದ್ದು ತಡೆಯಲು ಎರಡೂ ಕಿವಿ ಮುಚ್ಚುವ ಸಾಧನ, ಕೊಳ್ಳೋಕೆ. ನಾನು .22 ರೈಫಲ್ ಶೂಟಿಂಗ್ ಅಭ್ಯಾಸ ಮಾಡುತ್ತೇನೆ, ಮಗಳು 10 ಮೀಟರ್ ಏರ್ ರೈಫಲ್. .22ರ 50 ಮೀಟರ್ ಅಭ್ಯಾಸಕ್ಕೆ ನಾನು ಬೆಂಗಳೂರಿಗೇ ಹೋಗಬೇಕು, ಹಾಗಾಗಿ ಹೋದ ದಿನ ಜಾಸ್ತಿ ಗುಂಡು ಹಾರಿಸಿ ಬರುತ್ತೇನೆ. ಕಳೆದ ವರ್ಷ ಹಾಗೆ ಹೋಗಿ ಬಂದ ಒಂದು ರಾತ್ರಿ ಮಲಗಿದಾಗ ಬಲಗಿವಿಯಲ್ಲಿ ಕುಂಯ್ ಅನ್ನುವ ಸದ್ದು ಶುರುವಾಯಿತು. ಎರಡು ದಿನ ಬಿಡಲಿಲ್ಲ. ಆಗ ನಾನು ಹಾಕುತ್ತಿದ್ದದ್ದು ರಸ್ತೆ ಬದಿಯಲ್ಲಿ ಕೊಂಡ, ಹೆಸರಿಲ್ಲದ, ಸಡಿಲವಾದ ಒಂದು ಮಫ್.

ಅಂಗಡಿ ಯಜಮಾನರು ಮೊದಲು ಕೇಳಿದ್ದು ಬೆಲೆಯ ಮಾತಲ್ಲ. "ಸರ್, ಯಾವ ಮಷೀನ್ ಹತ್ರ ನಿಲ್ತೀರಾ? ದಿನಕ್ಕೆ ಎಷ್ಟು ಹೊತ್ತು?" ಅಂದರು. ನನಗೆ ಅಲ್ಲೇ ಅಂಗಡಿ ಇಷ್ಟವಾಯಿತು. ರೈಫಲ್ ಅಂದೆ. ಅವರು ಒಂದು ಕ್ಷಣ ಯೋಚಿಸಿ, "ಹಾಗಾದ್ರೆ ಸರ್, ರೈಫಲ್‌ಗೇ ಒಂದು ಸೈಲೆನ್ಸರ್ ಹಾಕಿಸಿಬಿಟ್ರೆ ಆಗಲ್ವಾ, ಬೈಕಿಗೆ ಇರೋ ಹಾಗೆ?" ಅಂತ ಕೇಳಿದರು. ತಮಾಷೆಗಲ್ಲ, ನಿಜವಾಗಿಯೇ ಕೇಳಿದ್ದು. ನನ್ನ ಜೊತೆ ಶೂಟಿಂಗ್‌ಗೆ ಬರುವ ಹೊಸಬರೂ ಇದನ್ನೇ ಕೇಳುತ್ತಾರೆ. ಅದಕ್ಕೇ ಈ ರಿವ್ಯೂನಲ್ಲಿ ಅದನ್ನೂ ಬರೆಯುತ್ತಿದ್ದೇನೆ.

ಮೊದಲ ಮಾತು, ಬೈಕಿನ ಹೋಲಿಕೆ ಸರಿಯಾಗಿಯೇ ಇದೆ. ರೈಫಲ್‌ನ ಸೈಲೆನ್ಸರ್‌ಗೆ 1909ರಲ್ಲಿ ಪೇಟೆಂಟ್ ಪಡೆದ ಅಮೆರಿಕದ ಹಿರಮ್ ಪರ್ಸಿ ಮ್ಯಾಕ್ಸಿಮ್ ಎಂಜಿನ್‌ಗಳ ಸದ್ದು ತಗ್ಗಿಸುವ ಸೈಲೆನ್ಸರ್‌ಗಳನ್ನೂ ಮಾಡಿದವನು. ಅವನ ಅಪ್ಪ ಮ್ಯಾಕ್ಸಿಮ್ ಮಷೀನ್ ಗನ್ ಕಂಡುಹಿಡಿದವನು. ಬಿಸಿಯಾಗಿ, ಒತ್ತಡದಿಂದ ನುಗ್ಗುವ ಗಾಳಿಯನ್ನು ಒಂದೇ ಸಲಕ್ಕೆ ಹೊರಗೆ ಬಿಡದೆ ನಿಧಾನವಾಗಿ ಬಿಡುವುದು, ಎರಡರಲ್ಲೂ ಕೆಲಸ ಅದೇ. ಆದರೆ ಸಿನಿಮಾದಲ್ಲಿ ತೋರಿಸುವ ಹಾಗೆ 'ಟಪ್' ಅಂತ ಆಗೋದಿಲ್ಲ. ದೊಡ್ಡ ರೈಫಲ್‌ನ ಸದ್ದು 160 ಡೆಸಿಬಲ್ ದಾಟುತ್ತದೆ. ಒಳ್ಳೆಯ ಸೈಲೆನ್ಸರ್ ಅದರಲ್ಲಿ 20ರಿಂದ 35 ಇಳಿಸುತ್ತದೆ. ಉಳಿದದ್ದೂ ಸಣ್ಣ ಸದ್ದಲ್ಲ. ಗುಂಡು ಶಬ್ದಕ್ಕಿಂತ ಜೋರಾಗಿ, ಅಂದರೆ ಸೆಕೆಂಡಿಗೆ ಸುಮಾರು 340 ಮೀಟರ್‌ಗಿಂತ ಹೆಚ್ಚು ವೇಗದಲ್ಲಿ ಹೋದರೆ, ಗಾಳಿಯಲ್ಲಿ ಚಟೀರ್ ಅನ್ನುವ ಸದ್ದು ಬೇರೆ ಬರುತ್ತದೆ. ಅದನ್ನು ಯಾವ ಸೈಲೆನ್ಸರೂ ತಡೆಯಲ್ಲ. ನಾವು ಮ್ಯಾಚ್‌ಗೆ ಬಳಸುವ .22 ಗುಂಡು ಅದಕ್ಕಿಂತ ಸ್ವಲ್ಪ ನಿಧಾನ, ಆ ಚಟೀರ್ ಇರೋದಿಲ್ಲ.

ಈಗ ಕಾನೂನು. ನಮ್ಮ ದೇಶದಲ್ಲಿ ಇದರ ಆಸೆ ಬಿಟ್ಟುಬಿಡಿ. 1959ರ ಆರ್ಮ್ಸ್ ಆಕ್ಟ್ ಕೆಳಗಿನ ನಿಯಮಗಳಲ್ಲಿ ಬಂದೂಕಿನ ಸದ್ದು ಅಥವಾ ಬೆಂಕಿಯ ಮಿಂಚು ಕಡಿಮೆ ಮಾಡಲೆಂದು ಮಾಡಿದ ಸಾಮಾನನ್ನು ಪಟ್ಟಿಯ ಮೊದಲ ವರ್ಗದಲ್ಲೇ ಇಟ್ಟಿದ್ದಾರೆ. ನಿಷೇಧಿತ ಆಯುಧಗಳು ಇರುವ ವರ್ಗ ಅದೇ. ಕ್ರೀಡೆಯ ಲೈಸೆನ್ಸ್ ಇದೆ ಅಂತ ಅದು ಸಿಗಲ್ಲ. ಆದ್ದರಿಂದ ಕ್ಲೀನಿಂಗ್ ಕಿಟ್ ಅಂತ ಬೇರೆ ಹೆಸರಿಟ್ಟು ವಿದೇಶದಿಂದ ಕಳಿಸುವ ಸಾಮಾನು ತರಿಸುವುದು, ಲೇತ್ ಇರುವವರ ಹತ್ತಿರ ಮಾಡಿಸಿಕೊಳ್ಳುವುದು, ಇದರ ಹತ್ತಿರಕ್ಕೂ ಹೋಗಬೇಡಿ. ಕಷ್ಟಪಟ್ಟು ಪಡೆದ ಲೈಸೆನ್ಸ್ ಹೋಗುತ್ತದೆ, ಜೈಲಿನ ಕೇಸೂ ಆಗುತ್ತದೆ.

ಇದನ್ನು ಕೇಳಿ ಯಜಮಾನರು, "ಹಾಗಾದ್ರೆ ಎಲ್ಲಾ ದೇಶದಲ್ಲೂ ಹೀಗೇನಾ?" ಅಂದರು. ಇಲ್ಲ. ಇದೇ ನನಗೆ ಕುತೂಹಲದ ವಿಷಯ. ಒಂದೇ ಕಬ್ಬಿಣದ ಕೊಳವೆ, ಒಂದು ದೇಶದಲ್ಲಿ ಬೈಕಿನ ಸೈಲೆನ್ಸರ್‌ನಷ್ಟೇ ಮಾಮೂಲು, ಇನ್ನೊಂದರಲ್ಲಿ ಮುಟ್ಟಿದರೆ ಅಪರಾಧ.

ನಾರ್ವೆ, ನ್ಯೂಜಿಲೆಂಡ್‌ನಲ್ಲಿ ಇದಕ್ಕೆ ಪ್ರತ್ಯೇಕ ಲೈಸೆನ್ಸೇ ಬೇಕಿಲ್ಲ. ಫಿನ್ಲೆಂಡ್‌ನಲ್ಲೂ ಬೇಟೆಗಾರರ ರೈಫಲ್ ಮೇಲೆ ಇದು ಮಾಮೂಲು. ಅಕ್ಕಪಕ್ಕದವರಿಗೆ ತೊಂದರೆ ಆಗಬಾರದು, ಕಿವಿ ಉಳಿಯಬೇಕು, ಅಲ್ಲಿನವರ ಯೋಚನೆ ಅಷ್ಟೇ. ಬ್ರಿಟನ್‌ನಲ್ಲಿ ಇದನ್ನು ಸೌಂಡ್ ಮಾಡರೇಟರ್ ಅಂತಾರೆ. ನಮ್ಮ ಆಯುಧ ಕಾನೂನಿನ ಬೇರು ಬ್ರಿಟಿಷರ ಕಾಲದ್ದೇ ಆದರೂ ಅಲ್ಲಿ ದಾರಿ ಬೇರೆಯಾಗಿದೆ. ಏರ್ ರೈಫಲ್‌ದಾದರೆ ಕೇಳೋರಿಲ್ಲ. ದೊಡ್ಡ ರೈಫಲ್‌ದಾದರೆ ಲೈಸೆನ್ಸ್ ಪತ್ರದಲ್ಲಿ ಪೊಲೀಸರು ಅದನ್ನೂ ಬರೆದುಕೊಡುವ ಪದ್ಧತಿ ದಶಕಗಳಿಂದ ಇದೆ. ಇನ್ನೊಂದು ಕಡೆ ಕೆನಡಾ, ಪೂರ್ತಿ ನಿಷೇಧ. ಆಸ್ಟ್ರೇಲಿಯಾದಲ್ಲೂ ಸಾಮಾನ್ಯ ಶೂಟರ್‌ಗೆ ಹೆಚ್ಚುಕಡಿಮೆ ಬಾಗಿಲು ಮುಚ್ಚಿದ ಹಾಗೇ. ನ್ಯೂಜಿಲೆಂಡ್‌ಗೂ ಆಸ್ಟ್ರೇಲಿಯಾಗೂ ನಡುವೆ ಒಂದು ಸಮುದ್ರ ಅಷ್ಟೇ, ಕಾನೂನು ಮಾತ್ರ ಪೂರ್ತಿ ಉಲ್ಟಾ.

ಅಮೆರಿಕದಲ್ಲಿ ಬೇಕಾದವರು ಅಂಗಡಿಗೆ ಹೋಗಿ ಹಾಗೇ ಕೊಂಡು ಬರ್ತಾರೆ ಅಂತ ನಮ್ಮಲ್ಲಿ ತುಂಬಾ ಜನ ತಿಳಿದಿದ್ದಾರೆ. ಹಾಗಿಲ್ಲ. 1934ರ ಕಾನೂನಿನಿಂದ ಪ್ರತಿ ಸೈಲೆನ್ಸರ್‌ಗೂ 200 ಡಾಲರ್ ತೆರಿಗೆ ಬಂತು. ಆ ಕಾಲಕ್ಕೆ ಅದು ಸಾಮಾನ್ಯರ ಕೈಗೆ ಎಟುಕದ ದುಡ್ಡು. ಆಮೇಲೆ ತೊಂಬತ್ತು ವರ್ಷ ಆ ಮೊತ್ತವನ್ನು ಏರಿಸಲೇ ಇಲ್ಲ, ಹಾಗಾಗಿ ದುಡ್ಡಿನ ಬೆಲೆ ಇಳಿದಂತೆ ತಡೆಯೂ ಸಡಿಲವಾಯಿತು. 2026ರ ಜನವರಿ 1ರಿಂದ ಆ ತೆರಿಗೆ ಸೊನ್ನೆ. ಆದರೂ ಅರ್ಜಿ, ಬೆರಳಚ್ಚು, ಫೋಟೋ, ನೋಂದಣಿ ಎಲ್ಲ ಹಾಗೇ ಇದೆ. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್ ಸೇರಿ ಎಂಟು ರಾಜ್ಯಗಳಲ್ಲಿ ಸಾಮಾನ್ಯ ಜನ ಇಟ್ಟುಕೊಳ್ಳುವ ಹಾಗೇ ಇಲ್ಲ.

ನನಗೆ ಜಾಸ್ತಿ ಪಾಠ ಕಲಿಸಿದ್ದು ಜರ್ಮನಿ. ಅಲ್ಲಿ 2020ರಲ್ಲಿ ಕಾನೂನು ತಿದ್ದಿ, ಬೇಟೆಯ ಲೈಸೆನ್ಸ್ ಇರುವವರಿಗೆ ಉದ್ದನೆ ರೈಫಲ್‌ಗೆ ಸೈಲೆನ್ಸರ್ ಕೊಳ್ಳಲು ಬಿಟ್ಟರು. ಕ್ರೀಡಾ ಶೂಟರ್‌ಗಳಿಗೆ ಸಾಮಾನ್ಯವಾಗಿ ಕೊಡಲಿಲ್ಲ. ಮೊದಲು ನನಗೆ ಇದು ಅನ್ಯಾಯ ಅನ್ನಿಸಿತು. ಆಮೇಲೆ ಯೋಚನೆ ಮಾಡಿದೆ. ಬೇಟೆಗಾರ ಕಾಡಿನಲ್ಲಿ ಎಲೆ ಸದ್ದು, ನಾಯಿ ಸದ್ದು ಕೇಳುತ್ತಾ ಇರಬೇಕು, ಎಷ್ಟೋ ಹೊತ್ತಿಗೆ ಒಂದು ಗುಂಡು ಹಾರಿಸುತ್ತಾನೆ, ಅಷ್ಟೂ ಹೊತ್ತು ಕಿವಿ ಮುಚ್ಚಿಕೊಂಡು ಕೂರಲು ಆಗಲ್ಲ. ನಾವು? ನಮ್ಮ ಲೇನ್‌ನಲ್ಲಿ ಮಲಗಿದ್ದೇವೆ, ಗುರಿ ಎಲ್ಲಿದೆ ಗೊತ್ತು, ಪಕ್ಕದವನು ಯಾವಾಗ ಹಾರಿಸುತ್ತಾನೆ ಅಂತಲೂ ಗೊತ್ತು. ನಾವು ಕಿವಿ ಮುಚ್ಚಿಕೊಳ್ಳಬಹುದು. ಸದ್ದನ್ನು ರೈಫಲ್ ತುದಿಯಲ್ಲಿ ತಡೆಯಲು ಬಿಡದಿದ್ದರೆ ಕಿವಿಯ ಬಾಗಿಲಲ್ಲಿ ತಡೆಯಲೇಬೇಕು. ನಮ್ಮ ಕಾನೂನಿನ ಬಗ್ಗೆ ನನಗೆ ತಕರಾರಿಲ್ಲ. ಮಕ್ಕಳ ಕಿವಿಗೆ ಸುಮ್ನೆ ಹತ್ತಿ ತುರುಕಿ ಗುಂಡು ಹಾರಿಸಲು ನಿಲ್ಲಿಸುವುದರ ಬಗ್ಗೆ ಇದೆ. ನಾನು ಕಾಲೇಜಿನಲ್ಲಿದ್ದಾಗ ಒಂದು ಕ್ಯಾಂಪ್‌ನಲ್ಲಿ ಹಾಗೇ ಹಾರಿಸಿದ್ದೆ. ಹತ್ತಿಯಿಂದ ಏನೂ ಪ್ರಯೋಜನವಿಲ್ಲ. ಒಳಗಿವಿಯಲ್ಲಿ ಸದ್ದು ಹಿಡಿಯುವ ಕೂದಲಿನಂಥ ಜೀವಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟೋದಿಲ್ಲ. .22 ರೈಫಲ್ ಚಿಕ್ಕದು ಅಂತ ಉದಾಸೀನ ಮಾಡುತ್ತಾರೆ, ಅದರ ಸದ್ದೂ 140 ಡೆಸಿಬಲ್ ಆಸುಪಾಸಿಗೆ ಬರುತ್ತದೆ. ಮೇಲೆ ಸೂರು, ಪಕ್ಕ ಗೋಡೆ ಇದ್ದರೆ ಇನ್ನೂ ಕೆಟ್ಟದ್ದು.

ಸರಿ, ಅಂಗಡಿಗೆ ಬರೋಣ. ಯಜಮಾನರು ನಾಲ್ಕು ಮಫ್ ತೆಗೆದು ಮೇಜಿನ ಮೇಲಿಟ್ಟರು. ಎಲ್ಲಕ್ಕಿಂತ ದಪ್ಪನೆಯದರ ಡಬ್ಬದ ಮೇಲೆ ಎನ್‌ಆರ್‌ಆರ್ 31 ಅಂತ ಇತ್ತು, ಎಷ್ಟು ಡೆಸಿಬಲ್ ಸದ್ದು ತಗ್ಗಿಸುತ್ತದೆ ಅನ್ನುವ ನಂಬರ್ ಅದು. ಆ 31 ಪೂರ್ತಿ ನಮ್ಮ ಕಿವಿಗೆ ಸಿಗುತ್ತೆ ಅಂದುಕೊಳ್ಳಬೇಡಿ. ಅಮೆರಿಕದ ಕಾರ್ಖಾನೆಗಳ ಲೆಕ್ಕದಲ್ಲಿ ಅದರಿಂದ 7 ಕಳೆದು, ಉಳಿದದ್ದನ್ನು ಅರ್ಧ ಮಾಡುತ್ತಾರೆ. ಅಂದರೆ 12. ಕಿವಿ ಒಳಗೆ ಫೋಮ್ ಪ್ಲಗ್, ಮೇಲೆ ಮಫ್, ಎರಡೂ ಹಾಕಿದರೆ ಅವೆರಡರಲ್ಲಿ ನಂಬರ್ ಜಾಸ್ತಿ ಇರುವುದಕ್ಕೆ ಇನ್ನೊಂದು 5 ಸೇರುತ್ತದೆ, ಎರಡರ ಮೊತ್ತ ಆಗೋದಿಲ್ಲ. ಈ ಲೆಕ್ಕ ಯಜಮಾನರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಪ್ರೆಸ್ ಮಷೀನ್ ಹತ್ತಿರ ನಿಲ್ಲುವ ಹುಡುಗರಿಗೆ ದಿನಾ ಹೇಳುತ್ತಾರಂತೆ.

ದಪ್ಪನೆಯದನ್ನೇ ಕೊಳ್ಳೋಣ ಅಂತಿದ್ದೆ. ಆದರೆ ರೈಫಲ್ ಹಿಡಿಯುವವರಿಗೆ ಒಂದು ತೊಂದರೆ ಇದೆ, ಫ್ಯಾಕ್ಟರಿಯವರಿಗೆ ಅದು ಬರೋದೇ ಇಲ್ಲ. ಕೆನ್ನೆಯನ್ನು ಸ್ಟಾಕ್ ಮೇಲೆ, ಅಂದರೆ ರೈಫಲ್‌ನ ಹಿಂದಿನ ಕಟ್ಟಿಗೆ ಮೇಲೆ, ಇಟ್ಟಾಗ ಮಫ್‌ನ ಬಲಗಡೆಯ ಬಟ್ಟಲು ಅದಕ್ಕೆ ತಗಲುತ್ತದೆ. ತಗಲಿದರೆ ಬಟ್ಟಲು ಮೇಲಕ್ಕೆ ಏಳುತ್ತದೆ, ಸಂದಿ ಬೀಳುತ್ತದೆ, ಆ ಸಂದಿಯಲ್ಲಿ ಪೂರ್ತಿ ಸದ್ದು ಒಳಗೆ. ನನ್ನ ಬಲಗಿವಿ ಕುಂಯ್ ಅಂದಿದ್ದಕ್ಕೆ ಕಾರಣ ಇದೇ ಅಂತ ನನಗೆ ಗೊತ್ತಾಗಿದ್ದು ಆ ಅಂಗಡಿಯಲ್ಲಿ. ಯಜಮಾನರು ಮೂಲೆಯಲ್ಲಿದ್ದ ಒಂದು ಪೊರಕೆ ಕೋಲು ತಂದು, "ಇದನ್ನೇ ರೈಫಲ್ ಅನ್ಕೊಳ್ಳಿ ಸರ್, ಹಿಡಿದು ತೋರಿಸಿ" ಅಂದರು. ಹಿಡಿದೆ. ಅವರು ಪಕ್ಕದಿಂದ ಬಗ್ಗಿ ನೋಡಿ, ಸಂದಿ ಎಲ್ಲಿ ಬಿತ್ತು ಅಂತ ಬೆರಳಿಟ್ಟು ತೋರಿಸಿದರು. ಕನ್ನಡಕದ ಕಡ್ಡಿಯಿಂದಲೂ ಹಾಗೇ ಆಗುತ್ತದಂತೆ. ಕೊನೆಗೆ ಬಟ್ಟಲಿನ ಕೆಳಭಾಗ ಸಣ್ಣಗಿರುವ ಒಂದು ಮಫ್ ಆರಿಸಿಕೊಟ್ಟರು. ಅದರ ನಂಬರ್ ಕಡಿಮೆ, 23. ಒಳಗೆ 29ರ ಫೋಮ್ ಪ್ಲಗ್ ಹಾಕಿಕೊಳ್ಳಿ ಅಂದರು. ಪ್ಲಗ್ ಹಾಕೋದನ್ನೂ ತೋರಿಸಿದರು. ಬೆರಳಲ್ಲಿ ಹೊಸೆದು ಸಣ್ಣ ಮಾಡಿ, ಇನ್ನೊಂದು ಕೈಯನ್ನು ತಲೆ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆದು, ಒಳಗೆ ತೂರಿಸಿ ಅರ್ಧ ನಿಮಿಷ ಹಿಡಿದುಕೊಳ್ಳಬೇಕು. ನಾನು ಇಷ್ಟು ವರ್ಷ ಸುಮ್ನೆ ಒತ್ತಿ ಬಿಡುತ್ತಿದ್ದೆ, ಅದು ಅರ್ಧ ಹೊರಗೇ ಇರುತ್ತಿತ್ತು.

ಮಫ್‌ಗೆ 1,900 ರೂಪಾಯಿ, ಪ್ಲಗ್ ಜೋಡಿಗೆ 20. ಆನ್‌ಲೈನ್‌ಗಿಂತ ಮಫ್ ಸುಮಾರು ಇನ್ನೂರು ರೂಪಾಯಿ ಜಾಸ್ತಿ. ಪೊರಕೆ ಕೋಲು ಹಿಡಿಸಿ ನೋಡುವುದು ಆನ್‌ಲೈನ್‌ನಲ್ಲಿ ಎಲ್ಲಿ ಸಿಗುತ್ತೆ, ಅಲ್ವಾ? ಎಲೆಕ್ಟ್ರಾನಿಕ್ ಮಫ್ ಕೂಡ ಒಂದು ಇತ್ತು, ಮಾತು ಕೇಳುತ್ತದೆ, ಗುಂಡಿನ ಸದ್ದನ್ನು ಮಾತ್ರ ತಡೆಯುತ್ತದೆ. ಕೋಚ್ ಮಾತು ಕೇಳಿಸಿಕೊಂಡು ಕಲಿಯೋಕೆ ಚೆನ್ನ. ಆದರೆ ಐಎಸ್‌ಎಸ್‌ಎಫ್ (ಶೂಟಿಂಗ್‌ನ ಅಂತರರಾಷ್ಟ್ರೀಯ ಸಂಸ್ಥೆ) ನಿಯಮದ ಪಂದ್ಯಗಳಲ್ಲಿ ಶೂಟರ್ ಅಂಥದ್ದನ್ನು ಹಾಕುವಂತಿಲ್ಲ, ಸದ್ದು ತಗ್ಗಿಸುವ ಸಾದಾ ಮಫ್ ಮಾತ್ರ. ಅಭ್ಯಾಸಕ್ಕೊಂದು ಪಂದ್ಯಕ್ಕೊಂದು ಅಂತ ಮಾಡಿಕೊಂಡರೆ ಕೆನ್ನೆ ಇಡುವ ಜಾಗವೇ ಬದಲಾಗುತ್ತದೆ, ಅದಕ್ಕೇ ನಾನು ಬೇಡ ಅಂದೆ.

ಎರಡು ತಿಂಗಳು ಬಳಸಿದ್ದೇನೆ. ಬೇಸಿಗೆಯಲ್ಲಿ ಮೆತ್ತೆಯ ಒಳಗೆ ಬೆವರು ಕೂರುತ್ತದೆ, ಹತ್ತು ಗುಂಡಿಗೊಮ್ಮೆ ತೆಗೆದು ಒರೆಸಿಕೊಳ್ಳಬೇಕು. ಎರಡು ಗಂಟೆ ಆದ ಮೇಲೆ ನೆತ್ತಿ ಸ್ವಲ್ಪ ನೋಯುತ್ತದೆ. ಆದರೆ ರಾತ್ರಿ ಆ ಕುಂಯ್ ಸದ್ದು ಮತ್ತೆ ಬಂದಿಲ್ಲ. ಗುಂಡು ಹಾರುವಾಗ ರೆಪ್ಪೆ ಮುಚ್ಚುವ ಅಭ್ಯಾಸವೂ ಕಡಿಮೆಯಾಗಿದೆ, ಗುರಿಯ ಮೇಲೆ ನನ್ನ ಗುಂಡುಗಳು ಬೀಳುವ ಗುಂಪು ಚಿಕ್ಕದಾಗಿದೆ, ಅಂದರೆ ಹತ್ತಿರ ಹತ್ತಿರ ಬೀಳುತ್ತಿವೆ. ಇದನ್ನು ನಾನು ನಿರೀಕ್ಷೆ ಮಾಡಿರಲಿಲ್ಲ.

ಅಂಗಡಿಯ ಕೊರತೆ ಹೇಳಲೇಬೇಕು. ಮೊದಲು ಕೊಟ್ಟ ಮಫ್‌ನ ಒಂದು ಕಡೆಯ ಸ್ಪ್ರಿಂಗ್ ಸಡಿಲ ಇತ್ತು. ವಾಪಸ್ ಕೊಡಲು ಹೋದಾಗ ಅಲ್ಲಿದ್ದ ಹುಡುಗ "ಬಿಲ್ ಇಲ್ಲದೆ ಆಗಲ್ಲ" ಅಂತ ನಿಲ್ಲಿಸಿಬಿಟ್ಟ. ಬಿಲ್ ಕೊಟ್ಟಿರಲೇ ಇಲ್ಲ. ಯಜಮಾನರು ಬರುವ ತನಕ ಮುಕ್ಕಾಲು ಗಂಟೆ ಕಾದೆ. ಬಂದ ಮೇಲೆ ಒಂದು ಮಾತೂ ಆಡದೆ ಬದಲಿಸಿಕೊಟ್ಟರು. ನೀವು ಹೋದರೆ ಬಿಲ್ ಕೇಳಿ ತೆಗೆದುಕೊಳ್ಳಿ. ಕಾರು ನಿಲ್ಲಿಸಲು ಜಾಗವಿಲ್ಲ, ಲಾರಿಗಳ ನಡುವೆ ಸಿಕ್ಕಿಹಾಕಿಕೊಳ್ಳುತ್ತೀರಿ, ಬೈಕಿನಲ್ಲಿ ಹೋಗಿ. ಮಕ್ಕಳ ತಲೆಗೆ ಆಗುವ ಸೈಜು ಇಲ್ಲ, ಇರೋದೆಲ್ಲ ದೊಡ್ಡವರದ್ದೇ.

ಮಗಳು ಮುಂದಿನ ವರ್ಷ .22ಗೆ ಬರುತ್ತಾಳೆ. "ಅಪ್ಪಾ, ನಂಗೂ ನಿನ್ನ ಥರದ್ದೇ ಬೇಕು" ಅಂತ ಈಗಲೇ ಶುರು ಮಾಡಿದ್ದಾಳೆ. ಅವಳನ್ನು ಕರೆದುಕೊಂಡು ಹೋಗಿ ತೋರಿಸಿದೆ. ಯಜಮಾನರು ತಲೆಯ ಸುತ್ತ ಟೇಪ್ ಹಿಡಿದು ಅಳತೆ ಬರೆದುಕೊಂಡು, ಸಣ್ಣ ಸೈಜು ಬೆಂಗಳೂರಿನಿಂದ ತರಿಸಿಕೊಡುತ್ತೇನೆ ಅಂದಿದ್ದಾರೆ. ಅಡ್ವಾನ್ಸ್ ಕೇಳಲಿಲ್ಲ. ಬಂದ ಮೇಲೆ ಪೊರಕೆ ಕೋಲಿನ ಪರೀಕ್ಷೆ ಅವಳಿಗೂ ಇದೆ, ಅದಾದ ಮೇಲೆ ಇಲ್ಲೇ ಬರೆಯುತ್ತೇನೆ.