ಹನ್ನೊಂದು ದಿನ ‘ಇನ್ನೇನು ಮುಗಿಯಿತು’ ಎಂದೆ

ಇಂಟರ್ನ್‌ಶಿಪ್‌ಗೆ ಹೊರಟಿರುವ ಎಂಜಿನಿಯರಿಂಗ್ ಮತ್ತು ಕಂಪ್ಯೂಟರ್ ವಿದ್ಯಾರ್ಥಿಗಳು ಹೊರಡುವ ಮುನ್ನ ಓದಿಕೊಳ್ಳಲಿ ಎಂದು ಇದನ್ನು ಬರೆಯುತ್ತಿದ್ದೇನೆ. ನನ್ನ 8 ವಾರಗಳ ಇಂಟರ್ನ್‌ಶಿಪ್ ಏಳನೆಯ ವಾರಕ್ಕೇ ಮುಗಿಯಿತು. ಸೇರಿದ ದಿನ, ಬಿಟ್ಟ ದಿನ ಎರಡನ್ನಷ್ಟೇ ನಮೂದಿಸಿದ ಪ್ರಮಾಣಪತ್ರವೊಂದು ಕೈಗೆ ಬಂತು. ‘ಕೆಲಸ ಕಷ್ಟವಿತ್ತೇನೋ’ ಎಂದು ಸ್ನೇಹಿತರು ಸಮಾಧಾನ ಹೇಳಿದರು. ಕೆಲಸ ಸುಲಭವಾಗಿಯೇ ಇತ್ತು. ಬಾಯಿ ಬಿಡುವುದು ಕಷ್ಟವಾಗಿತ್ತು.

ನಾಲ್ಕನೆಯ ವಾರದ ಸೋಮವಾರ ನನಗೆ ಒಪ್ಪಿಸಿದ್ದು ಇಷ್ಟು: ಒಂದು ಡೇಟಾಬೇಸ್‌ನಲ್ಲಿ ದಿನವಿಡೀ ಸೇರುವ ದಾಖಲೆಗಳನ್ನು ರಾತ್ರಿ ಓದಿ, ಅವುಗಳ ಸಾರಾಂಶವನ್ನು ಇನ್ನೊಂದು ಕೋಷ್ಟಕಕ್ಕೆ ಬರೆಯುವ ಸಣ್ಣ ಪ್ರೋಗ್ರಾಂ. ಎಷ್ಟು ದಿನ ಬೇಕು ಎಂದು ಮಾರ್ಗದರ್ಶಕಿ ಕೇಳಿದರು. ‘ಮೂರು’ ಎಂದೆ. ಲೆಕ್ಕ ಹಾಕಿ ಹೇಳಿದ್ದೇನೂ ಅಲ್ಲ. ಕೇಳಿದವರ ಮುಖ ಅರಳಲಿ ಎಂದು ಹೇಳಿದ್ದು. ಎರಡನೆಯ ದಿನ ಸಂಜೆ ನನ್ನ ಯಂತ್ರದಲ್ಲಿ, ಅಲ್ಲೇ ಇಟ್ಟುಕೊಂಡಿದ್ದ ಡೇಟಾಬೇಸ್ ಪ್ರತಿಯ ಮೇಲೆ, ಪ್ರೋಗ್ರಾಂ ಸೊಗಸಾಗಿ ಓಡಿತು. ಮೂರನೆಯ ದಿನ ಅದನ್ನೇ ಪರೀಕ್ಷಾ ಸರ್ವರ್‌ಗೆ ಹಾಕಿದೆ. ಅರ್ಧ ನಿಮಿಷ ಸುಮ್ಮನಿದ್ದು, ‘ಕನೆಕ್ಷನ್ ಟೈಮ್ಡ್ ಔಟ್’ ಎಂದು ಹೇಳಿ ನಿಂತಿತು.

ಬೆಳಗಿನ ಸ್ಟ್ಯಾಂಡಪ್ ಸಭೆ ಗೊತ್ತಲ್ಲ, 15 ನಿಮಿಷದ್ದು. ನಿನ್ನೆ ಏನು ಮಾಡಿದಿರಿ, ಇಂದು ಏನು ಮಾಡುತ್ತೀರಿ, ತಡೆ ಏನಾದರೂ ಇದೆಯೇ? ಮೂರನೆಯ ಪ್ರಶ್ನೆ ಇರುವುದೇ ನನ್ನಂಥವರಿಗಾಗಿ. ನಾನು ಪ್ರತಿದಿನ ‘ಇಲ್ಲ, ಇನ್ನೇನು ಮುಗಿಯಿತು’ ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟೆ. ಒಂದೆರಡು ಸಲ ‘ಶೇಕಡ 90 ಆಗಿದೆ’ ಎಂದೂ ಹೇಳಿದೆ. ಈ ತೊಂಬತ್ತರ ಬಗ್ಗೆ ನಮ್ಮ ಕ್ಷೇತ್ರದಲ್ಲಿ ಹಳೆಯ ಹಾಸ್ಯವೊಂದಿದೆ, ಅಮೆರಿಕದ ಸಂಶೋಧನಾ ಸಂಸ್ಥೆ ಬೆಲ್ ಲ್ಯಾಬ್ಸ್‌ನ ಟಾಮ್ ಕಾರ್ಗಿಲ್ ಹೆಸರಿನಲ್ಲಿ: ಮೊದಲ ಶೇಕಡ 90 ಕೋಡ್ ಬರೆಯಲು ಸಮಯದ ಮೊದಲ ಶೇಕಡ 90 ಬೇಕು, ಉಳಿದ ಶೇಕಡ 10ಕ್ಕೆ ಇನ್ನೊಂದು ಶೇಕಡ 90 ಬೇಕು. ಅದನ್ನು ಕೇಳಿ ನಕ್ಕಿದ್ದೆ ಕೂಡ. ನನ್ನ ವಿಷಯದಲ್ಲಿ ಆ ಅಂಕಿ ಹಾಸ್ಯಕ್ಕೂ ಲಾಯಕ್ಕಾಗಿರಲಿಲ್ಲ. ಸರ್ವರ್‌ನಲ್ಲಿ ಒಂದೇ ಒಂದು ಸಲವೂ ಓಡದ ಪ್ರೋಗ್ರಾಂ ಅಲ್ಲಿಯ ಮಟ್ಟಿಗೆ ಸೊನ್ನೆ.

ಆ ದಿನಗಳಲ್ಲಿ ನಾನು ಸುಮ್ಮನೆ ಕುಳಿತಿರಲಿಲ್ಲ, ಅದೇ ದುರಂತ. ಕಾಯುವ ಅವಧಿಯನ್ನು ಹೆಚ್ಚಿಸಿದೆ. ವಿಫಲವಾದರೆ ಐದು ಸಲ ಮರುಪ್ರಯತ್ನಿಸುವ ಕೋಡ್ ಸೇರಿಸಿದೆ. ಡೇಟಾಬೇಸ್ ಲೈಬ್ರರಿಯ ಆವೃತ್ತಿಯನ್ನು ಎರಡು ಸಲ ಬದಲಿಸಿದೆ. ಎಐ ಸಹಾಯಕವನ್ನು ಕೇಳಿದೆ; ಕೇಳಿದಷ್ಟು ಸಲವೂ ಹೊಸ ಪರಿಹಾರ, ಪ್ರತಿ ಸಲವೂ ಅದೇ ಆತ್ಮವಿಶ್ವಾಸ. ಅದರ ತಪ್ಪೇನಿಲ್ಲ ಬಿಡಿ. ನಾನು ತೋರಿಸಿದ್ದು ಕೋಡನ್ನು ಮಾತ್ರ, ಆದ್ದರಿಂದ ಅದು ಕೋಡನ್ನೇ ತಿದ್ದುತ್ತಾ ಹೋಯಿತು. ಆ ಸಂಸ್ಥೆಯ ಜಾಲ ಹೇಗಿದೆ ಎಂದು ಅದಕ್ಕೆ ಗೊತ್ತಿರಲು ಸಾಧ್ಯವೇ ಇರಲಿಲ್ಲ. ಕೊನೆಗೆ ನೆಗಡಿಗೆ ಮೂಗು ಕೊಯ್ದುಕೊಂಡಂತೆ, ಚೆನ್ನಾಗಿದ್ದ ಪ್ರೋಗ್ರಾಂ ಅನ್ನು ಪೂರ್ತಿ ಹೊಸದಾಗಿ ಬರೆದೆ. ಹೊಸದೂ ಅರ್ಧ ನಿಮಿಷ ಸುಮ್ಮನಿದ್ದು ಅದೇ ಮಾತು ಹೇಳಿತು.

ಐದನೆಯ ದಿನ ಮಾರ್ಗದರ್ಶಕಿಗೆ ಒಂದು ಸಂದೇಶ ಟೈಪ್ ಮಾಡಿದ್ದೆ: ‘ಪರೀಕ್ಷಾ ಸರ್ವರ್‌ನಿಂದ ಡೇಟಾಬೇಸ್‌ಗೆ ಸಂಪರ್ಕ ಸಿಗುತ್ತಿಲ್ಲ. ಹೊಸಬರಿಗೆ ಏನಾದರೂ ಅನುಮತಿ ಬೇಕೇ?’ ಓದಿ ನೋಡಿದೆ. ಎರಡು ದಿನ ಕಳೆದ ಮೇಲೆ ಇಷ್ಟು ಚಿಕ್ಕ ಪ್ರಶ್ನೆ ಕೇಳಿದರೆ ‘ಇದನ್ನು ಮೊದಲೇ ಏಕೆ ಕೇಳಲಿಲ್ಲ’ ಎನ್ನುತ್ತಾರೆ ಅನ್ನಿಸಿತು. ಅಳಿಸಿದೆ. ಮೌನದ ಲೆಕ್ಕ ವಿಚಿತ್ರ. ತಡವಾಯಿತು ಎಂದು ಕೇಳುವುದಿಲ್ಲ, ಕೇಳದೆ ಇನ್ನಷ್ಟು ತಡವಾಗುತ್ತದೆ, ಆಗ ಕೇಳುವುದು ಇನ್ನೂ ಕಷ್ಟ.

ಎಂಟನೆಯ ದಿನ ರಾತ್ರಿ ಮನೆಯಲ್ಲೂ ಕೆಲಸ ಮುಂದುವರಿಸೋಣವೆಂದು ಇಡೀ ಕಡತಕೋಶವನ್ನು ನನ್ನ ಖಾಸಗಿ ಖಾತೆಯ ಗಿಟ್ ರೆಪೊಸಿಟರಿಗೆ, ಅಂದರೆ ಕೋಡ್‌ನ ಪ್ರತಿ ಬದಲಾವಣೆಯನ್ನೂ ದಾಖಲಿಸಿಡುವ ಕಣಜಕ್ಕೆ, ಹಾಕಿದೆ. ಖಾತೆ ಖಾಸಗಿ, ರೆಪೊಸಿಟರಿ ಮಾತ್ರ ಸಾರ್ವಜನಿಕ. ಸಂರಚನೆಯ ಕಡತದಲ್ಲಿ ಡೇಟಾಬೇಸ್‌ನ ಪಾಸ್‌ವರ್ಡ್ ಹಾಗೆಯೇ ಕುಳಿತಿತ್ತು. ಸುಮಾರು 20 ನಿಮಿಷದ ಬಳಿಕ ನೋಡಿಕೊಂಡೆ. ಕೈ ತಣ್ಣಗಾಯಿತು. ಆ ಕಡತವನ್ನು ಅಳಿಸಿ ಮತ್ತೊಂದು ಕಮಿಟ್ (ಬದಲಾವಣೆಯ ದಾಖಲೆ) ಮಾಡಿದೆ. ಪರದೆಯ ಮೇಲೆ ಕಡತ ಕಾಣಲಿಲ್ಲ, ಮುಗಿಯಿತು ಎಂದುಕೊಂಡೆ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಈ ತಪ್ಪನ್ನು ಮಾಡಿದವನು ನಾನೊಬ್ಬನೇ ಅಲ್ಲ. ಗಿಟ್ ಇರುವುದೇ ಹಳೆಯದನ್ನು ನೆನಪಿಡಲು. ಇಂದಿನ ಕಮಿಟ್‌ನಲ್ಲಿ ಕಡತ ಅಳಿಸಿದರೆ ನಿನ್ನೆಯ ಕಮಿಟ್‌ನಲ್ಲಿ ಅದು ಹಾಗೆಯೇ ಇರುತ್ತದೆ; ಇತಿಹಾಸ ತೆರೆದ ಯಾರಿಗಾದರೂ ಸಿಗುತ್ತದೆ. ಯಾವ ಕಡತಗಳನ್ನು ದಾಖಲಿಸಬಾರದು ಎಂದು ಪಟ್ಟಿ ಮಾಡುವ ಗಿಟ್‌ಇಗ್ನೋರ್ ಕಡತಕ್ಕೆ ಆಮೇಲೆ ಹೆಸರು ಸೇರಿಸುವುದೂ ವ್ಯರ್ಥ, ಈಗಾಗಲೇ ದಾಖಲಾದ ಕಡತವನ್ನು ಅದು ಮುಟ್ಟುವುದಿಲ್ಲ. ಇತಿಹಾಸವನ್ನೇ ತಿದ್ದಬಹುದು, ಆದರೆ ಅಷ್ಟರಲ್ಲಿ ಪ್ರತಿ ತೆಗೆದುಕೊಂಡವರನ್ನು ತಡೆಯಲಾಗದು. ಸಾರ್ವಜನಿಕ ರೆಪೊಸಿಟರಿಗಳಲ್ಲಿ ಪಾಸ್‌ವರ್ಡ್‌ಗಳನ್ನೇ ಹುಡುಕುತ್ತಾ ಅಲೆಯುವ ಸ್ವಯಂಚಾಲಿತ ಪ್ರೋಗ್ರಾಂಗಳಿವೆ. ಹೊರಬಿದ್ದ ಪಾಸ್‌ವರ್ಡ್‌ಗೆ ಇರುವ ಮದ್ದು ಒಂದೇ: ಆ ಕ್ಷಣವೇ ಹೇಳಿ ಅದನ್ನು ಬದಲಾಯಿಸುವಂತೆ ಮಾಡುವುದು. ಇತಿಹಾಸ ತೊಳೆಯುವುದು ಅದರ ನಂತರದ ಕೆಲಸ. ನಾನು ಎರಡನ್ನೂ ಮಾಡದೆ ಮಲಗಿದೆ.

ಹನ್ನೆರಡನೆಯ ದಿನ ಮಧ್ಯಾಹ್ನ ಪ್ರಾತ್ಯಕ್ಷಿಕೆ ಇತ್ತು. ನನ್ನ ಸಾರಾಂಶ ಕೋಷ್ಟಕವನ್ನು ನೆಚ್ಚಿಕೊಂಡು ಇನ್ನೊಬ್ಬ ಇಂಟರ್ನ್ ಒಂದು ಪುಟ ಸಿದ್ಧಪಡಿಸಿದ್ದಳು. ‘ಯಾವಾಗ ಬರುತ್ತದೆ?’ ಎಂದು ಎರಡು ಸಲ ಕೇಳಿದ್ದಳು. ಎರಡು ಸಲವೂ ‘ನಾಳೆ’ ಎಂದಿದ್ದೆ. ತಂಡದ ಎಲ್ಲರ ಎದುರು ಅವಳು ಪುಟ ತೆರೆದಳು. ಮೇಲೆ ಅವಳು ಒಪ್ಪವಾಗಿ ಜೋಡಿಸಿದ ಶೀರ್ಷಿಕೆಗಳು, ಬಣ್ಣಗಳು. ಕೆಳಗೆ ನಡುವಿನಲ್ಲಿ ಬೂದು ಅಕ್ಷರಗಳಲ್ಲಿ ‘ಮಾಹಿತಿ ಲಭ್ಯವಿಲ್ಲ’. ಪುಟವನ್ನು ಮತ್ತೆ ತೆರೆದಳು. ಮತ್ತೆ ಅದೇ. ಕಾರಣ ಗೊತ್ತಿದ್ದವನು ಆ ಕೊಠಡಿಯಲ್ಲಿ ನಾನೊಬ್ಬನೇ. ನೋಟ್‌ಬುಕ್ ನೋಡುತ್ತಾ ಕುಳಿತಿದ್ದೆ. ಅವಳು ನಮ್ಮೆಲ್ಲರ ಕ್ಷಮೆ ಕೇಳಿ ಮುಂದಿನ ಪುಟಕ್ಕೆ ಹೋದಳು.

ಮರುದಿನ ಬೆಳಿಗ್ಗೆ ಸ್ಟ್ಯಾಂಡಪ್‌ನಲ್ಲಿ ನಾನು ಮತ್ತೆ ‘ಇನ್ನೇನು ಮುಗಿಯಿತು’ ಎಂದೆ. ಸಭೆ ಮುಗಿದದ್ದೇ ಮಾರ್ಗದರ್ಶಕಿ ಕುರ್ಚಿ ಎಳೆದುಕೊಂಡು ಪಕ್ಕಕ್ಕೆ ಬಂದು ಕುಳಿತರು. ‘ಓಡಿಸಿ ತೋರಿಸಿ.’ ಓಡಿಸಿದೆ. ಅರ್ಧ ನಿಮಿಷದ ಮೌನ ನನ್ನ ಬದುಕಿನಲ್ಲೇ ಉದ್ದವಾದದ್ದು. ಸಂದೇಶ ಮೂಡಿತು. ಅವರು ಕೋಡ್ ಕಡೆ ನೋಡಲೂ ಇಲ್ಲ.

‘ರೆಫ್ಯೂಸ್ಡ್ ಅಲ್ಲ, ಟೈಮ್ಡ್ ಔಟ್. ಹಾಗಾದರೆ ಇದು ಫೈರ್‌ವಾಲ್.’

ಬಾಗಿಲು ತಟ್ಟಿದಾಗ ಒಳಗಿನಿಂದ ‘ಆ ಹೆಸರಿನವರು ಇಲ್ಲಿಲ್ಲ’ ಎಂಬ ಉತ್ತರ ಬಂದರೆ ಅದು ರೆಫ್ಯೂಸ್ಡ್: ಆ ಯಂತ್ರದವರೆಗೆ ತಲುಪಿದ್ದೀರಿ, ಆ ಪೋರ್ಟ್‌ನಲ್ಲಿ (ಯಂತ್ರದ ಸಂಖ್ಯೆ ಹಾಕಿದ ಬಾಗಿಲುಗಳಲ್ಲೊಂದು) ಕೇಳಿಸಿಕೊಳ್ಳುವವರು ಇಲ್ಲ. ಯಾರೂ ಉತ್ತರಿಸದೆ ಕಾದು ಕಾದು ಸುಸ್ತಾದರೆ ಟೈಮ್ಡ್ ಔಟ್: ಹೆಚ್ಚಿನ ಸಲ ನಡುದಾರಿಯಲ್ಲಿ ಯಾರೋ, ಇಲ್ಲಿ ಫೈರ್‌ವಾಲ್ ಎಂಬ ಜಾಲದ ಕಾವಲುಗಾರ, ನಿಮ್ಮ ಪತ್ರವನ್ನೇ ಎಸೆಯುತ್ತಿದ್ದಾರೆ. ಮಾರ್ಗದರ್ಶಕಿ ಸರ್ವರ್‌ನಲ್ಲೇ, ಸಂಪರ್ಕ ಪರೀಕ್ಷಿಸುವ ನೆಟ್‌ಕ್ಯಾಟ್ ಸಾಧನದ ಒಂದು ಸಾಲಿನ ಆಜ್ಞೆಯಿಂದ 5432ನೇ ಪೋರ್ಟ್ ತೆರೆದಿದೆಯೇ ಎಂದು ನೋಡಿದರು. ಪೋಸ್ಟ್‌ಗ್ರೆಸ್ ಡೇಟಾಬೇಸ್ ಸಾಮಾನ್ಯವಾಗಿ ಕಿವಿಗೊಡುವ ಪೋರ್ಟ್ ಅದು. ತೆರೆದಿರಲಿಲ್ಲ. ಅನುಮತಿ ಕೋರುವ ಅರ್ಜಿ ತುಂಬಿ ಕಳುಹಿಸಿದರು. ಒಟ್ಟು 4 ನಿಮಿಷ. ಮಧ್ಯಾಹ್ನ ಅನುಮತಿ ಬಂತು. ಪ್ರೋಗ್ರಾಂನ ಹಳೆಯ ಆವೃತ್ತಿ, ಎರಡನೆಯ ದಿನದ್ದು, ಒಂದು ಅಕ್ಷರವೂ ಬದಲಾಗದೆ ಓಡಿತು.

ಏಳುವ ಮುನ್ನ ಅವರು ಕೇಳಿದರು: ‘ನಾನು ತಿಳಿದಿರಬೇಕಾದದ್ದು ಇನ್ನೇನಾದರೂ ಇದೆಯೇ?’

‘ಇಲ್ಲ’ ಎಂದೆ.

ಶುಕ್ರವಾರ ಭದ್ರತಾ ವಿಭಾಗದವರಿಗೆ ಆ ರೆಪೊಸಿಟರಿ ಸಿಕ್ಕಿತು. ಅದೇ ಪಾಸ್‌ವರ್ಡನ್ನು ಇನ್ನೆರಡು ಸೇವೆಗಳೂ ಬಳಸುತ್ತಿದ್ದವು (ಹಾಗೆ ಬಳಸಬಾರದಿತ್ತು, ಆದರೆ ಅದನ್ನು ಹೇಳುವ ಬಾಯಿ ನನಗಿರಲಿಲ್ಲ). ಶನಿವಾರ ಮೂವರು ಬಂದು ಕುಳಿತು ಎಲ್ಲವನ್ನೂ ಬದಲಿಸಿದರು. ತಡವಾದದ್ದಕ್ಕೆ ಯಾರೂ ನನ್ನ ಮೇಲೆ ಕೋಪಿಸಿಕೊಳ್ಳಲಿಲ್ಲ. ಪಾಸ್‌ವರ್ಡ್ ಹೊರಹೋದದ್ದಕ್ಕೂ, ಅದು ಆಗುವಂಥದ್ದೇ ಎಂಬಂತೆ ಮಾತನಾಡಿದರು. ಆ ‘ಇಲ್ಲ’ವನ್ನು ಮಾತ್ರ ಮಾರ್ಗದರ್ಶಕಿ ಮರೆಯಲಿಲ್ಲ. ಮುಂದಿನ ವಾರ ಕರೆದು, ಸೌಜನ್ಯದಿಂದಲೇ, ಇಲ್ಲಿಗೆ ನಿಲ್ಲಿಸೋಣ ಎಂದರು.

ನಗು ಬರುವ ಸಂಗತಿ ಎಂದರೆ, ಇದೆಲ್ಲವನ್ನೂ ನಾನು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದೆ. ಕಂಪ್ಯೂಟರ್ ವೃತ್ತಿಪರರ ಸಂಘಗಳಾದ ಎಸಿಎಂ ಮತ್ತು ಐಇಇಇ ಕಂಪ್ಯೂಟರ್ ಸೊಸೈಟಿ ಸೇರಿ 1999ರಲ್ಲಿ ಪ್ರಕಟಿಸಿದ ಸಾಫ್ಟ್‌ವೇರ್ ಎಂಜಿನಿಯರಿಂಗ್ ನೀತಿಸಂಹಿತೆಯಲ್ಲಿ, ಯೋಜನೆ ವಿಫಲವಾಗುವ ಸಂಭವವಿದೆ ಅನ್ನಿಸಿದರೆ ಅದನ್ನು ಗುರುತಿಸಿ, ದಾಖಲಿಸಿ, ಉದ್ಯೋಗದಾತರಿಗೆ ಕೂಡಲೇ ವರದಿ ಮಾಡಬೇಕು ಎಂದಿದೆ. ‘ಕೂಡಲೇ’ ಎಂಬ ಪದಕ್ಕೆ ಅಡಿಗೆರೆ ಬೇರೆ ಎಳೆದಿದ್ದೆ. ಹಾಗೆಯೇ ಅದೇ ವರ್ಷ ಕಳೆದುಹೋದ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆಯ ಕಥೆ. ಒಂದು ಕಡೆಯ ಸಾಫ್ಟ್‌ವೇರ್ ಪೌಂಡ್-ಸೆಕೆಂಡ್‌ನಲ್ಲಿ ಕೊಟ್ಟ ಅಂಕಿಯನ್ನು ಇನ್ನೊಂದು ಕಡೆ ನ್ಯೂಟನ್-ಸೆಕೆಂಡ್ ಎಂಬ ಬೇರೆ ಅಳತೆಯಲ್ಲಿದೆ ಎಂದು ಓದಿದ್ದರಿಂದ ನೌಕೆ ಮಂಗಳದ ವಾತಾವರಣಕ್ಕೆ ಸಿಕ್ಕಿ ಕಳೆದುಹೋಯಿತು ಎಂದು ಎಲ್ಲ ತರಗತಿಗಳಲ್ಲೂ ಹೇಳುತ್ತಾರೆ. ಪಥ ನೋಡಿಕೊಳ್ಳುತ್ತಿದ್ದವರಿಗೆ ಲೆಕ್ಕ ಹೊಂದುತ್ತಿಲ್ಲವೆಂಬ ಅನುಮಾನ ಮೊದಲೇ ಬಂದಿತ್ತು, ಅದನ್ನು ವಿಧಿಬದ್ಧವಾಗಿ ದಾಖಲಿಸದೆ ಬಾಯಿಮಾತಿನಲ್ಲಿ, ಇಮೇಲ್‌ನಲ್ಲಿ ತೇಲಿಬಿಟ್ಟಿದ್ದರು ಎಂಬ ಇನ್ನರ್ಧವನ್ನು ಹೇಳುವುದು ಕಡಿಮೆ. ನಮಗೆ ಮೊದಲ ಅರ್ಧಕ್ಕೆ ಅಂಕವಿತ್ತು.

ಕಾಲೇಜಿನ ಮೇಲೆ ಪೂರ್ತಿ ಹೊರೆ ಹೊರಿಸುವುದಿಲ್ಲ. ಆದರೂ ನಾಲ್ಕು ವರ್ಷ ನಾವು ಕಲಿಯುವುದೇನು? ಪ್ರಯೋಗಾಲಯದ ಪರೀಕ್ಷೆಯಲ್ಲಿ ಉತ್ತರ ಮೊದಲೇ ಇರುವ ಪ್ರೋಗ್ರಾಂಗಳು. ಮೌಖಿಕ ಪರೀಕ್ಷೆಯಲ್ಲಿ ‘ಗೊತ್ತಿಲ್ಲ’ ಎಂದರೆ ಅಂಕ ಹೋಗುತ್ತದೆ, ಏನಾದರೂ ಹೇಳಿದರೆ ಅರ್ಧವಾದರೂ ಸಿಗುತ್ತದೆ. ತಂಡದ ಯೋಜನೆಯಲ್ಲಿ ಒಬ್ಬ ಬರೆಯುತ್ತಾನೆ, ನಾಲ್ವರ ಹೆಸರು ಬೀಳುತ್ತದೆ. ಒಳ್ಳೆಯ ಪ್ರಶ್ನೆಗೆ ಅಂಕ ಕೊಟ್ಟ ಒಂದೇ ಒಂದು ಪತ್ರಿಕೆಯನ್ನು ನಾನು ಕಂಡಿಲ್ಲ.

ಈಗ ನಾನು ಹೇಗೆ ಕೇಳುತ್ತೇನೆ ಎಂದರೆ, ಸಿಕ್ಕಿಹಾಕಿಕೊಂಡ ಹೊತ್ತಿಗೆ ಗಡಿಯಾರ ನೋಡುತ್ತೇನೆ. ಎರಡು ಗಂಟೆ ನನ್ನದು. ಅದರಾಚೆ ಸಂದೇಶ ಹೋಗಲೇಬೇಕು. ಏನು ಮಾಡಲು ಹೊರಟೆ, ಏನಾಗಬೇಕಿತ್ತು, ಏನಾಯಿತು. ದೋಷದ ಮಾತುಗಳನ್ನು ನನ್ನ ಭಾಷೆಗೆ ತಿರುಗಿಸದೆ ಇದ್ದದ್ದು ಇದ್ದಂತೆ. ‘ಕನೆಕ್ಟ್ ಆಗುತ್ತಿಲ್ಲ’ ಎಂದು ಬರೆದಿದ್ದರೆ ‘ಟೈಮ್ಡ್ ಔಟ್’ ಎಂಬ ಎರಡು ಪದಗಳಲ್ಲಿದ್ದ ಉತ್ತರ ಕಳೆದುಹೋಗುತ್ತಿತ್ತು. ಆಮೇಲೆ ಈಗಾಗಲೇ ಏನೇನು ಪ್ರಯತ್ನಿಸಿದೆ, ಇದು ಯಾರ ಕೆಲಸಕ್ಕೆ ತಡೆ. ಈ ಕೊನೆಯದನ್ನು ಹೆಚ್ಚಿನವರು ಬಿಡುತ್ತಾರೆ. ಶೇಕಡಾವಾರು ಲೆಕ್ಕ ಕೊಡುವುದನ್ನು ಬಿಟ್ಟಿದ್ದೇನೆ. ‘ನನ್ನ ಯಂತ್ರದಲ್ಲಿ ಓಡುತ್ತದೆ, ಸರ್ವರ್‌ನಲ್ಲಿ ಓಡುವುದಿಲ್ಲ’ ಎನ್ನುತ್ತೇನೆ. ಸಂಕೋಚವಾಗುತ್ತದೆ, ಹೌದು. ಕೇಳಿದವರು ಒಮ್ಮೆಯೂ ಗದರಿಲ್ಲ ಎಂದು ಹೇಳಲಾರೆ, ಒಬ್ಬರು ಗದರಿದ್ದಾರೆ. ಗದರಿ ಉತ್ತರ ಹೇಳಿದರು.

ಕ್ಷಮಾಪಣೆ ಪತ್ರದ ಬಗ್ಗೆಯೂ ಒಂದು ಮಾತು, ನನ್ನದರಂತೆ ಬರೆಯಬೇಡಿ ಎಂದು. ಕೊನೆಯ ದಿನ ಮಾರ್ಗದರ್ಶಕಿಗೆ ನಾಲ್ಕು ಪ್ಯಾರಾಗಳ ಇಮೇಲ್ ಕಳುಹಿಸಿದ್ದೆ. ಅದರಲ್ಲಿ ಮೂರು ಪ್ಯಾರಾ ನನ್ನ ಒತ್ತಡ, ನನ್ನ ಅನನುಭವ, ನನ್ನ ಸದುದ್ದೇಶ. ಆಕೆಯ ಉತ್ತರ ಒಂದೇ ಸಾಲು: ‘ಪಾಸ್‌ವರ್ಡ್ ಹೊರಹೋಗಿದೆ ಎಂದು ನಿಮಗೆ ಗೊತ್ತಾದದ್ದು ಯಾವಾಗ? ದಾಖಲೆಗೆ ಬೇಕು.’

‘ಬುಧವಾರ ರಾತ್ರಿ 11.40ಕ್ಕೆ. ಹಾಕಿದ್ದು 11.20ಕ್ಕೆ. ಯಾರಿಗೂ ಹೇಳಲಿಲ್ಲ’ ಎಂದು ಬರೆದು ಕಳುಹಿಸಿದೆ. ‘ಧನ್ಯವಾದ’ ಎಂದು ಬಂತು.