ಉದ್ದ ಹಿಡಿಯ ಅಂಚು ಕತ್ತರಿ: ನಾಲ್ಕು ವರ್ಷ ಬಳಸಿದ ಮೇಲೆ

ಲಾನಿನ ಅಂಚಿನಿಂದ ಆಚೆ ಚಾಚುವ ಹುಲ್ಲು ಕತ್ತರಿಸುವ ಈ ಕತ್ತರಿಯನ್ನು ಮೊದಲ ವರ್ಷವೇ ಗುಜರಿಗೆ ಹಾಕಿಬಿಡುತ್ತಿದ್ದೆ. ಕಾರಣ ಒಂದೇ ಒಂದು ನಟ್. ಅದಕ್ಕೂ ಮುಂಚೆ, ಇದನ್ನು ಯಾಕೆ ಕೊಂಡೆ ಅಂತ ಹೇಳುತ್ತೇನೆ.

ಆಗ ನನ್ನ ಹತ್ತಿರ ಇದ್ದದ್ದು ಹಾಫ್‌ಮೂನ್ ಎಡ್ಜರ್ ಮಾತ್ರ. ಉದ್ದನೆಯ ಕಾವು, ತುದಿಯಲ್ಲಿ ಅರ್ಧ ಚಂದ್ರನಂಥ ಅಲಗು. ಮೇಲೆ ಕಾಲಿಟ್ಟು ಒತ್ತಿದರೆ ನೆಲ ಸೀಳುತ್ತದೆ. ಹುಲ್ಲು ಕತ್ತರಿಸಿದಾಗಲೆಲ್ಲ ಅಂಚಿಗೂ ಅದನ್ನೇ ಹಾಕುತ್ತಿದ್ದೆ. ಪ್ರತಿ ಸಲ ಬೆರಳಿನಷ್ಟು ಮಣ್ಣು ಹೋಗುತ್ತಿತ್ತು. ಒಂದು ವರ್ಷ ಕಳೆಯುವಷ್ಟರಲ್ಲಿ ಹೂವಿನ ಪಾತಿ ಒಂದು ಗೇಣು ಅಗಲವಾಗಿತ್ತು, ಲಾನ್ ಅಷ್ಟೇ ಕಿರಿದಾಗಿತ್ತು. ಅಂಚಂತೂ ಹಾವು ಹರಿದ ಹಾಗೆ ಸೊಟ್ಟ. ಹಾಫ್‌ಮೂನ್ ಹೊಸ ಅಂಚು ತೆಗೆಯೋಕೆ, ವರ್ಷಕ್ಕೆ ಒಂದೆರಡು ಸಲ ಬಳಸುವ ಸಾಧನ. ವಾರವಾರ ಆಚೆ ಜೋತು ಬೀಳುವ ಹುಲ್ಲಿಗೆ ಬೇಕಾದದ್ದು ಕತ್ತರಿ.

ನನ್ನ ಲಾನ್ ಚಿಕ್ಕದು. ಅದಕ್ಕೆ ಮೋಟಾರಿನ ಟ್ರಿಮ್ಮರ್ ಅಂತ ದುಡ್ಡು ಸುರಿಯೋಕೆ ಮನಸ್ಸಾಗಲಿಲ್ಲ. ಸಣ್ಣ ಕೈಕತ್ತರಿಯಾದರೆ ಮಂಡಿಯೂರಿ ಕೂರಬೇಕು, ನನ್ನ ಸೊಂಟ ಒಪ್ಪಲ್ಲ. ಈ ಕತ್ತರಿಯಲ್ಲಿ ಅಲಗುಗಳು ಹಿಡಿಗೆ ಅಡ್ಡಕ್ಕೆ ಕೂತಿರುತ್ತವೆ, ನಿಂತುಕೊಂಡೇ ಕೆಲಸ ಮುಗಿಯುತ್ತದೆ.

ಎರಡು ತಿಂಗಳು ಚೆನ್ನಾಗಿತ್ತು. ಆಮೇಲೆ ಶುರುವಾಯಿತು ಕಾಟ. ಹುಲ್ಲು ತುಂಡಾಗುವ ಬದಲು ಎರಡು ಅಲಗಿನ ನಡುವೆ ಮಡಚಿಕೊಂಡು ಸಿಕ್ಕಿಹಾಕಿಕೊಳ್ಳುತ್ತಿತ್ತು. ಮೊಂಡಾಗಿದೆ ಅಂದುಕೊಂಡು ಅರ ಹಿಡಿದು ಎರಡು ಸಲ ಉಜ್ಜಿದೆ. ಏನೂ ಬದಲಾಗಲಿಲ್ಲ. ಒಂದು ದಿನ ಬೇಜಾರಿನಿಂದ ಕತ್ತರಿಯನ್ನು ಮುಚ್ಚಿ ಬೆಳಕಿಗೆ ಹಿಡಿದೆ. ಅಲಗುಗಳ ನಡುವೆ ಬೆಳಕಿನ ಗೆರೆ! ನಡುವಿನ ಬೋಲ್ಟ್ ಸಡಿಲವಾಗಿತ್ತು. ಸ್ಪ್ಯಾನರಿನಲ್ಲಿ ಬಿಗಿ ಮಾಡಿದೆ, ಹುಲ್ಲು ಚಕಚಕ ತುಂಡಾಯಿತು. ಅರ್ಧ ಗಂಟೆಯಲ್ಲಿ ಮತ್ತೆ ಸಡಿಲ. ತೆರೆದು ಮುಚ್ಚಿದ ಹಾಗೆಲ್ಲ ನಟ್ ಒಂದಿಷ್ಟು ತಿರುಗಿಕೊಳ್ಳುತ್ತಿತ್ತು. ಇಷ್ಟು ಒಳ್ಳೆಯ ಉಕ್ಕು ಹಾಕಿದವರು ಅಲ್ಲಿ ಸಾದಾ ನಟ್ ಯಾಕೆ ಹಾಕಿದರು? ಈ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಪರಿಹಾರ ಮಾತ್ರ ತೀರಾ ಸಣ್ಣದು. ಒಳಗೆ ನೈಲಾನ್ ಬಳೆ ಇರುವ ನಟ್ ಸಿಗುತ್ತದೆ, ಅದು ತಾನಾಗಿ ಬಿಚ್ಚಿಕೊಳ್ಳಲ್ಲ. ಹಾಕಿ ಮೂರು ವರ್ಷವಾಯಿತು, ಮತ್ತೆ ಮುಟ್ಟಿದ್ದು ಒಂದೇ ಸಲ. ಬಿಗಿ ಜಾಸ್ತಿಯೂ ಆಗಬಾರದು. ಹಿಡಿಗಳು ಸಲೀಸಾಗಿ ಆಡಬೇಕು, ಆದರೆ ಅಲಗು ಲಟಪಟ ಅನ್ನಬಾರದು. ಅಷ್ಟೇ ಹದ.

ಅಲ್ಲಿಂದ ಮುಂದೆ ಈ ಕತ್ತರಿ ನನಗೆ ಅಚ್ಚುಮೆಚ್ಚು. ಲಾನ್ ಕತ್ತರಿಸಿ ಮುಗಿದ ಮೇಲೆ ಕೊನೆಯ ಹದಿನೈದು ನಿಮಿಷ ಇದಕ್ಕೇ ಮೀಸಲು. ಎರಡೂ ಕೈ ಆಡಿಸಿದರೆ ಗೆರೆ ಕುಣಿಯುತ್ತದೆ. ನಾನು ಎಡಗೈಯನ್ನು ಅಲುಗಾಡಿಸದೆ ಹಿಡಿಯುತ್ತೇನೆ, ಆ ಕಡೆಯ ಅಲಗು ಅಂಚಿನ ಮಣ್ಣಿನ ಗೋಡೆಗೆ ಒರಗಿಕೊಂಡೇ ಇರುತ್ತದೆ. ಬಲಗೈ ಮಾತ್ರ ಆಡುತ್ತದೆ. ಕಚ್, ಕಚ್, ಅರ್ಧ ಹೆಜ್ಜೆ. ಕಚ್, ಕಚ್, ಮತ್ತೆ ಅರ್ಧ ಹೆಜ್ಜೆ. ಹುಲ್ಲಿನ ತುಣುಕು ಪಕ್ಕದ ಸಣ್ಣ ಕಾಲುವೆಗೆ ಸಾಲಾಗಿ ಬೀಳುತ್ತದೆ. ತಿರುಗಿ ನೋಡಿದರೆ ಹಸಿರು ಮುಗಿದು ಕಪ್ಪು ಮಣ್ಣು ಶುರುವಾಗುವ ಜಾಗ ದಾರ ಹಿಡಿದ ಹಾಗಿರುತ್ತದೆ. ಆ ನೋಟಕ್ಕಾಗಿಯೇ ನಾನು ಲಾನ್ ಕತ್ತರಿಸುವುದು ಅಂದರೂ ತಪ್ಪಿಲ್ಲ. ಆಮೇಲೆ ಹಳೇ ಬಟ್ಟೆಯಲ್ಲಿ ಅಲಗು ಒರೆಸಿ, ಬೋಲ್ಟಿಗೆ ಒಂದು ಹನಿ ಎಣ್ಣೆ ಬಿಡುತ್ತೇನೆ. ಹುಲ್ಲಿನ ರಸ ಒಣಗಿದರೆ ಅಂಟುಅಂಟಾಗಿ ಕೈಗೆ ಭಾರ ಅನ್ನಿಸುತ್ತದೆ.

ಅರ ಹಾಕುವಾಗ ಇಳಿಜಾರು ಇರುವ ಹೊರಮೈಯನ್ನು ಮಾತ್ರ ಉಜ್ಜಿ. ಚಪ್ಪಟೆಯಾದ ಒಳಮೈ ಕೆಟ್ಟರೆ ಅಲಗುಗಳು ಒಂದಕ್ಕೊಂದು ಕೂರುವುದಿಲ್ಲ.

ಹಾಫ್‌ಮೂನನ್ನು ಮಾರಿಲ್ಲ. ಅದನ್ನೀಗ ವರ್ಷಕ್ಕೊಮ್ಮೆ, ಮಳೆ ನಿಂತ ಮಾರನೇ ದಿನ ಹೊರಗೆ ತೆಗೆಯುತ್ತೇನೆ. ಒಣ ನೆಲದಲ್ಲಿ ಅದು ಪುಟಿಯುತ್ತದೆ, ತೀರಾ ಕೆಸರಾದರೆ ಅಂಚೇ ಕುಸಿಯುತ್ತದೆ. ನೇರ ಗೆರೆಗೆ ಹಲಗೆ ಹಾಸಿ ಅದರ ಮೇಲೆ ನಿಂತು ಸೀಳುತ್ತೇನೆ, ತಿರುವಿಗೆ ನೀರಿನ ಪೈಪನ್ನು ಹಾಸಿಕೊಳ್ಳುತ್ತೇನೆ. 7-8 ಸೆಂಟಿಮೀಟರ್ ಆಳ ಸಾಕು, ಕತ್ತರಿಯ ಅಲಗು ಆಡೋಕೆ ಜಾಗವಾಗುತ್ತದೆ.

ಕೊಳ್ಳುವವರು ಅಂಗಡಿಯಲ್ಲೇ ಅಲಗನ್ನು ನೆಲಕ್ಕೆ ತಾಗಿಸಿ ನೆಟ್ಟಗೆ ನಿಂತು ನೋಡಿ. ಬೆನ್ನು ಬಗ್ಗಿದರೆ ಆ ಹಿಡಿ ನಿಮಗೆ ಗಿಡ್ಡ, ಎಷ್ಟೇ ಅಗ್ಗ ಇದ್ದರೂ ಬೇಡ. ನಟ್ ಬದಲಾಯಿಸುವುದಾದರೆ ಹಳೇ ಬೋಲ್ಟನ್ನು ಜೊತೆಗೇ ಒಯ್ಯಿರಿ. ನಾನು ಕಣ್ಣಳತೆಯಲ್ಲಿ ತಂದು ಎರಡು ಸಲ ಅಂಗಡಿಗೆ ಓಡಾಡಿದೆ.